ಹರೆಯದ ಕಿವಿಗೆ ಕವಿಯುವ ಮೌನ

ಮುಂಬಯಿಯಿಂದ ಚೆನ್ನೈಗೆ ಸಾಗುವ ರೈಲುದಾರಿಗೆ ಹೈದರಾಬಾದಿನ ದಾರಿ ಬಂದು ಕೂಡುವ ಸ್ಥಳ ವಾಡಿ. ೧೮೭೪ರಲ್ಲಿ ನಿಜಾಮರ ರೈಲು ಇಲ್ಲಿಂದ ಸಿಕಂದರಾಬಾದಿನವರೆಗೆ ಓಡತೊಡಗಿದಂದಿನಿಂದ ಈ ಊರಿಗೆ ನಿಶ್ಶಬ್ದದ ಪರಿಚಯವೇ ಕಡಿಮೆಯಾಯಿತು. ಮುಂದೆ ಸಿಮೆಂಟ್ ಕಾರ್ಖಾನೆ ಬಂದಿತು. ಸುಣ್ಣಗಲ್ಲಿನ ಗಣಿಗಳಲ್ಲಿ ಮದ್ದಿನ ಸ್ಫೋಟ ನಿತ್ಯದ ಮಾತಾಯಿತು. ಚಿತ್ತಾಪುರ, ಮಳಖೇಡ, ಸೇಡಂಗಳ ಕಡೆಗೂ ಇದೇ ಬಗೆಯ ಉದ್ಯಮ ಹಬ್ಬಿತು. ಶಹಾಬಾದದ ಫರ್ಸಿ ಕಲ್ಲನ್ನು ಹಿಂದೆ ಉಳಿ ಸುತ್ತಿಗೆಗಳು ಸೀಳುತ್ತಿದ್ದವು. ಈಗ ತಿರುಗುವ ಗರಗಸದ ಅಲಗು ಅದನ್ನು ಕೊಯ್ಯುತ್ತದೆ, ಪಾಲಿಶ್ ಮಷೀನು ಅದನ್ನು ಉಜ್ಜಿ ನುಣುಪುಗೊಳಿಸುತ್ತದೆ. ಈ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಇದೆಲ್ಲ ಗಾಳಿ ಬೆಳಕುಗಳಷ್ಟೇ ಸಹಜ. ಸಹಜವೆನಿಸಿದ ವಸ್ತುವಿನಿಂದ ಹಾನಿಯಾಗುತ್ತಿದೆಯೆಂದು ಯಾರೂ ಬೇಗನೆ ಸಂಶಯಪಡುವುದಿಲ್ಲ.

ಕಿವಿ ಮಂದವಾಗುವುದು ಮುಪ್ಪಿನ ಲಕ್ಷಣವೆಂದೇ ನಾವೆಲ್ಲ ತಿಳಿದಿದ್ದೇವೆ. ಅಜ್ಜನಿಗೆ ಎರಡು ಸಲ ಹೇಳಬೇಕಾಗಿ ಬಂದರೆ ಮನೆಯಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ಆದರೆ ಇಪ್ಪತ್ತೆರಡರ ಮೊಮ್ಮಗನಿಗೆ ಎರಡು ಸಲ ಹೇಳಬೇಕಾಗಿ ಬಂದರೆ ಅದಕ್ಕೆ ನಾವು ಕೊಡುವ ಹೆಸರು ಸೊಕ್ಕು, ಅಲಕ್ಷ್ಯ, ಇಲ್ಲವೆ ಮೊಬೈಲಿನ ಹುಚ್ಚು. ೧೨ರಿಂದ ೩೫ರ ವಯಸ್ಸಿನ ನೂರು ಕೋಟಿಗೂ ಮಿಕ್ಕ ಜನರ ಶ್ರವಣಶಕ್ತಿಯು ಅಪಾಯದ ಅಂಚಿನಲ್ಲಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೨ರಲ್ಲಿ ಸಾರಿತು. ಅದಕ್ಕೆ ಅದು ಹೇಳಿದ ಕಾರಣ ಅತಿಯಾದ ಗಟ್ಟಿ ಸಂಗೀತ ಮತ್ತು ಮನರಂಜನೆಯ ಸದ್ದು. ಅದರೊಂದಿಗೆ ದುಡಿಮೆಯ ಸದ್ದನ್ನೂ ಸೇರಿಸಿಕೊಂಡರೆ ನಮ್ಮ ಸೀಮೆಯ ಹುಡುಗರ ಪರಿಸ್ಥಿತಿ ಏನೆಂಬುದನ್ನು ವಾಚಕರೇ ಊಹಿಸಬಹುದು.

ಕಿವಿಯ ರಚನೆಯನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇವೆ. ಹೊರಗಿನಿಂದ ಬಂದ ಶಬ್ದವು ಕಿವಿಯ ತಮಟೆಯನ್ನು ಅಲುಗಿಸುತ್ತದೆ; ಆ ಅಲುಗಾಟವನ್ನು ಸುತ್ತಿಗೆ, ಅಡಿಗಲ್ಲು, ರಿಕಾಪುಗಳೆಂಬ ಮೂರು ಕಿರುಮೂಳೆಗಳು ಒಳಗಿವಿಗೆ ಮುಟ್ಟಿಸುತ್ತವೆ. ಅಲ್ಲಿ ಶಂಖದಂತೆ ಸುರುಳಿ ಸುತ್ತಿದ ಒಂದು ಅಂಗವಿದೆ. ಅದರೊಳಗೆ ಹುಟ್ಟಿನಿಂದಲೇ ಸುಮಾರು ೧೫ ಸಾವಿರ ರೋಮಕೋಶಗಳಿರುತ್ತವೆ. ಶಬ್ದದ ಅಲೆಯನ್ನು ನರದ ಸಂಕೇತವನ್ನಾಗಿ ಮಾರ್ಪಡಿಸುವ ಕೆಲಸ ಅವುಗಳದು. ಚರ್ಮ ಹರಿದರೆ ಕೂಡುತ್ತದೆ, ಮೂಳೆ ಮುರಿದರೆ ಬೆಸೆಯುತ್ತದೆ. ಈ ರೋಮಕೋಶಗಳು ಮಾತ್ರ ಒಮ್ಮೆ ಸತ್ತರೆ ಮನುಷ್ಯದೇಹದಲ್ಲಿ ಮತ್ತೆ ಚಿಗುರುವುದಿಲ್ಲ. ಆದ್ದರಿಂದಲೇ ಇಂತಹ ದೋಷದಲ್ಲಿ ಔಷಧಕ್ಕಿಂತ ಮುನ್ನೆಚ್ಚರಿಕೆಗೆ ಬೆಲೆ ಹೆಚ್ಚು.

ಈ ಕೋಶಗಳು ಸಾಯುವ ಕ್ರಮವೇ ನಮ್ಮನ್ನು ಮೋಸಗೊಳಿಸುವಂಥದು. ಗದ್ದಲಕ್ಕೆ ಮೊದಲು ಬಲಿಯಾಗುವವು ೪೦೦೦ ಹರ್ಟ್ಸ್ ಆಸುಪಾಸಿನ ತಾರ ಧ್ವನಿಗಳನ್ನು ಗ್ರಹಿಸುವ ಕೋಶಗಳು. ಮಾತಿನಲ್ಲಿ ಸ್ವರಗಳ ಬಲವೆಲ್ಲ ಕೆಳಗಿನ ಶ್ರುತಿಗಳಲ್ಲಿದೆ. ಸ, ಶ, ಚ, ತ, ಕ ಮುಂತಾದ ವ್ಯಂಜನಗಳ ಗುರುತು ಮೇಲಿನ ಶ್ರುತಿಗಳಲ್ಲಿದೆ. ಹೀಗಾಗಿ ಮೊದಮೊದಲು ಆ ತರುಣನಿಗೆ ಮಾತು ಕೇಳುತ್ತದೆ, ಆದರೆ ತಿಳಿಯುವುದಿಲ್ಲ. ‘ಸಾಲು’ ಎಂದರೆ ‘ಕಾಲು’ ಎಂದು ಕೇಳಿಸೀತು, ‘ಹಾಸು’ ಎಂದರೆ ‘ಹಾಕು’ ಎಂದು ತೋರೀತು. ಗಂಡಸರ ಭಾರವಾದ ಧ್ವನಿ ತಿಳಿಯುತ್ತದೆ. ತಂಗಿಯ ಮಾತು, ಚಿಕ್ಕ ಮಕ್ಕಳ ಮಾತು ತಪ್ಪಿಹೋಗುತ್ತದೆ. ಇಬ್ಬರೇ ಕುಳಿತಾಗ ಸರಿಯಾಗಿರುತ್ತಾನೆ. ಮದುವೆಯ ಪಂಕ್ತಿಯಲ್ಲಿ, ಬಸ್ ನಿಲ್ದಾಣದಲ್ಲಿ ಎದುರಿನವರ ಬಾಯನ್ನೇ ನೋಡುತ್ತಾನೆ. ಗಟ್ಟಿಯಾಗಿ ಕರೆದಾಗ ತಿರುಗುವವನು ಮೆಲ್ಲನೆ ಹೇಳಿದ್ದನ್ನು ತಿಳಿಯದಿದ್ದರೆ ಮನೆಯವರು, ‘ಬೇಕಾದದ್ದು ಮಾತ್ರ ಇವನಿಗೆ ಕೇಳುತ್ತದೆ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ಕೆಲವು ವರ್ಷಗಳ ಹಿಂದೆ ವಾಡಿಯ ಸಮೀಪದ ಒಂದು ಹಳ್ಳಿಗೆ ಪುರಾಣದ ನಿಮಿತ್ತ ಹೋಗಿದ್ದಾಗ ಒಬ್ಬ ತಾಯಿ ತನ್ನ ಮಗನನ್ನು ನಮ್ಮ ಮುಂದೆ ತಂದು ನಿಲ್ಲಿಸಿದಳು. ‘ಶಾಸ್ತ್ರಿಗಳ್ರೀ, ಈ ಹುಡುಗ ಏನ್ ಹೇಳಿದ್ರೂ ಕಿವ್ಯಾಗ ಹಾಕ್ಕೊಳ್ಳಂಗಿಲ್ರಿ. ನೀವರೆ ಒಂದೀಟು ಬುದ್ಧಿ ಹೇಳ್ರಿ’ ಎಂದಳು. ಹುಡುಗನಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇದ್ದೀತು. ಹದಿನೇಳನೆಯ ವಯಸ್ಸಿನಿಂದ ಫರ್ಸಿ ಕೊಯ್ಯುವ ಮಷೀನಿನ ಮುಂದೆ ನಿಂತವನು. ನಾವು ತಲೆ ತಗ್ಗಿಸಿ, ತುಟಿ ಕಾಣದಂತೆ ಶಲ್ಯ ಮರೆಮಾಡಿಕೊಂಡು ಅವನ ಹೆಸರು, ಅವನ ಅಕ್ಕನ ಊರು ಕೇಳಿದೆವು. ಹುಡುಗ ನಕ್ಕು ಸುಮ್ಮನೆ ನಿಂತ. ಮುಖವೆತ್ತಿ ಅದನ್ನೇ ಕೇಳಿದಾಗ ತಟ್ಟನೆ ಉತ್ತರಿಸಿದ. ಆ ತಾಯಿಗೆ ಹೇಳಿದೆವು, ‘ತಂಗೀ, ಇವನಿಗೆ ಬೇಕಾದದ್ದು ಬುದ್ಧಿಮಾತಲ್ಲ, ಕಿವಿಯ ಪರೀಕ್ಷೆ.’ ಆಕೆ ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ‘ಅದನ್ನ ಜೋರಾಗಿ ಅನ್‌ಬ್ಯಾಡ್ರಿ, ಹೆಣ್ಣು ನೋಡಾಕತ್ತೀವಿ’ ಎಂದಳು.

ರೋಗಕ್ಕಿಂತ ದೊಡ್ಡ ಅಡ್ಡಿ ಇರುವುದು ಈ ‘ಜೋರಾಗಿ ಅನ್‌ಬ್ಯಾಡ್ರಿ’ ಎಂಬ ಮಾತಿನಲ್ಲಿ. ಕಣ್ಣಿಗೆ ಕನ್ನಡಕ ಹಾಕಿದ ವರನನ್ನು ಯಾರೂ ಬೇಡವೆನ್ನುವುದಿಲ್ಲ. ಕಿವಿಯ ಹಿಂದೆ ಅವರೆಕಾಳಿನಷ್ಟು ಯಂತ್ರವಿದ್ದರೆ ಸಂಬಂಧವೇ ಮುರಿಯುತ್ತದೆಂಬ ಭಯ. ಕನ್ಯೆಯಾಗಿದ್ದರಂತೂ ಕೇಳುವುದೇ ಬೇಡ, ಮದುವೆಯಾಗಿ ವರ್ಷ ಕಳೆದ ಮೇಲೆ ಅತ್ತೆಯ ಮನೆಯಲ್ಲಿ ಸಂಗತಿ ಹೊರಬೀಳುತ್ತದೆ. ಆಗ ಅವಳ ಪಾಲಿಗೆ ಬರುವುದು ಮೋಸದ ಆರೋಪ. ಹೆತ್ತವರು ಮುಚ್ಚಿಟ್ಟ ಆ ನಾಲ್ಕಾರು ವರ್ಷಗಳಲ್ಲಿ ಮಾಡಬಹುದಾಗಿದ್ದ ಉಪಾಯಗಳೆಲ್ಲ ಕೈಬಿಟ್ಟುಹೋಗಿರುತ್ತವೆ. ಮುಚ್ಚಿಡುವುದು ನಮ್ಮವರಿಗಷ್ಟೇ ಸೇರಿದ ದೌರ್ಬಲ್ಯವಲ್ಲ. ಜರ್ಮನಿಯ ಸಂಗೀತಗಾರ ಬೀಥೋವನ್‌ನಿಗೆ ಮೂವತ್ತು ತುಂಬುವ ಮೊದಲೇ ಕಿವಿ ಕೈಕೊಡತೊಡಗಿತ್ತು. ೧೮೦೧ರಲ್ಲಿ ವೈದ್ಯಮಿತ್ರನೊಬ್ಬನಿಗೆ ಬರೆದ ಪತ್ರದಲ್ಲಿ ಆತನು ಅದನ್ನು ಒಪ್ಪಿಕೊಂಡನು. ತನಗೆ ಕೇಳಿಸದೆಂದು ಜನರಿಗೆ ಹೇಳಲಾರದೆ ಕೂಟಗಳಿಗೆ ಹೋಗುವುದನ್ನೇ ಬಿಟ್ಟಿರುವೆನೆಂದು ತೋಡಿಕೊಂಡನು. ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಂಡವರಿಗೆ ಇನ್ನೊಂದು ವಿಚಾರ ಹೊಳೆದೀತು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದವರು. ಕಿವಿಯೊಂದರ ಬಲದಿಂದ ವಿದ್ಯೆ ಗಳಿಸಿ ನೂರಾರು ಅಂಧ ಮಕ್ಕಳಿಗೆ ಬದುಕು ಕಟ್ಟಿಕೊಟ್ಟರು. ಕಣ್ಣು ಹೋದವರು ಕಿವಿಯಿಂದ ಲೋಕವನ್ನು ಸೇರುತ್ತಾರೆ. ಕಿವಿ ಹೋದವರು ನಾಲ್ಕು ಜನರ ನಡುವೆ ಕುಳಿತೂ ಒಂಟಿಯಾಗುತ್ತಾರೆ.

ದುಡಿಮೆಯಿಂದ ಕಿವಿ ಕೆಡುವುದು ಹೊಸ ಶೋಧವೇನಲ್ಲ. ತಾಮ್ರ ಬಡಿಯುವ ಕಂಚುಗಾರರು ಕಿವುಡರಾಗುವುದನ್ನು ಇಟಲಿಯ ವೈದ್ಯ ರಾಮಾಝಿನಿಯು ೧೮ನೆಯ ಶತಮಾನದ ಆರಂಭದಲ್ಲೇ ಬರೆದಿಟ್ಟನು. ೧೮೮೬ರಲ್ಲಿ ಗ್ಲಾಸ್ಗೋ ನಗರದ ವೈದ್ಯ ಥಾಮಸ್ ಬಾರ್ ಎಂಬಾತನು ಬಾಯ್ಲರ್ ತಯಾರಿಸುವ ನೂರು ಜನ ಕೆಲಸಗಾರರ ಕಿವಿಗಳನ್ನು ಪರೀಕ್ಷಿಸಿದನು. ನೂರರಲ್ಲಿ ಒಬ್ಬನ ಶ್ರವಣವೂ ಸರಿಯಾಗಿರಲಿಲ್ಲ. ಬಾಯ್ಲರ್ ತಯಾರಿಕೆಯ ನಂಟು ಉಳ್ಳ ಶಹಾಬಾದದ ವಾಚಕರಿಗೆ ಈ ಸಂಗತಿ ಪರದೇಶದ ಕಥೆಯೆನಿಸಲಿಕ್ಕಿಲ್ಲ. ನಮ್ಮ ದೇಶದಲ್ಲಿಯೂ ಗದ್ದಲದಿಂದಾಗುವ ಶ್ರವಣದೋಷವನ್ನು ೧೯೪೮ರ ಕಾರ್ಖಾನೆ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ, ಸರಕಾರಕ್ಕೆ ತಿಳಿಸಲೇಬೇಕಾದ ವ್ಯಾಧಿಗಳ ಸಾಲಿಗೆ ಸೇರಿಸಲಾಗಿತ್ತು. ಆದರೆ ನಾಲ್ಕಾರು ಜನ ಕೂಲಿಗಳ ಸಣ್ಣ ಕಲ್ಲಿನ ಘಟಕಗಳಿಗೆ ಇಂತಹ ಕಾಯಿದೆಯ ಕೈ ಮುಟ್ಟುವುದು ಕಷ್ಟ. ದೊಡ್ಡ ಕಾರ್ಖಾನೆಗಳಲ್ಲಿ ಕಿವಿಮುಚ್ಚಿಗೆ ಕೊಡುತ್ತಾರೆ. ಸೆಕೆಯೆಂದು ಹುಡುಗರು ಅದನ್ನು ಕೊರಳಿಗೆ ಇಳಿಬಿಟ್ಟುಕೊಳ್ಳುತ್ತಾರೆ. ಕೊರಳಲ್ಲಿದ್ದ ಕಿವಿಮುಚ್ಚಿಗೆಯಿಂದ ಮೇಸ್ತ್ರಿಯ ಕಣ್ಣಿಗೆ ಸಮಾಧಾನವೇ ಹೊರತು ಕಿವಿಗೆ ಏನೂ ಇಲ್ಲ.

ಎಷ್ಟು ಸದ್ದು ಅಪಾಯ? ಅದನ್ನು ಅಳೆಯುವ ಮಾನ ಡೆಸಿಬಲ್. ದಿನಕ್ಕೆ ಎಂಟು ಗಂಟೆಯ ಕೆಲಸಕ್ಕೆ ೮೫ ಡೆಸಿಬಲ್ ಎಂಬುದು ಬಹುಮಂದಿ ತಜ್ಞರು ಒಪ್ಪಿದ ಮಿತಿ. ಇಲ್ಲಿ ಲೆಕ್ಕ ಕೂಡಿಸುವ ರೀತಿ ನಮ್ಮ ಅಂಗಡಿಯ ಲೆಕ್ಕದಂತಲ್ಲ. ಮೂರೇ ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಎರಡರಷ್ಟಾಗುತ್ತದೆ. ಆದ್ದರಿಂದ ೮೮ಕ್ಕೆ ನಾಲ್ಕು ಗಂಟೆ, ೯೧ಕ್ಕೆ ಎರಡು ಗಂಟೆ, ೯೪ಕ್ಕೆ ಒಂದು ಗಂಟೆ, ೧೦೦ಕ್ಕೆ ಬಂದರೆ ಕೇವಲ ಕಾಲು ಗಂಟೆ. ಮೆರವಣಿಗೆಯ ಡಿಜೆ ಪೆಟ್ಟಿಗೆಗಳ ಮುಂದೆ ನೂರು ದಾಟುವುದು ಅಪರೂಪವಲ್ಲ, ನಮ್ಮ ಮಕ್ಕಳು ಅಲ್ಲಿ ಮೂರು ಗಂಟೆ ಕುಣಿಯುತ್ತಾರೆ. ಅಳೆಯುವ ಯಂತ್ರವಿಲ್ಲದವರಿಗೆ ಒಂದು ಸುಲಭ ಅಳತೆಯಿದೆ. ಒಂದು ಮಾರು ದೂರದಲ್ಲಿ ನಿಂತವರೊಡನೆ ಕೂಗಿ ಮಾತನಾಡಬೇಕಾದರೆ ಅಲ್ಲಿಯ ಸದ್ದು ಮಿತಿ ಮೀರಿದೆಯೆಂದು ತಿಳಿಯಬೇಕು. ಕಿವಿಗೆ ಸಿಕ್ಕಿಸುವ ಇಯರ್‌ಫೋನಿಗೂ ಇದೇ ನ್ಯಾಯ. ವಾರಕ್ಕೆ ನಲವತ್ತು ಗಂಟೆ ಕೇಳುವವರಿಗೆ ೮೦ ಡೆಸಿಬಲ್ಲಿನ ಒಳಗಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಕಾರ್ಖಾನೆಯಲ್ಲಿ ಎಂಟು ಗಂಟೆ ದುಡಿದು, ಮನೆಗೆ ಬರುವ ಹಾದಿಯ ಗದ್ದಲವನ್ನು ಮುಚ್ಚಲು ಹಾಡನ್ನು ಇನ್ನೂ ಏರಿಸುವವನ ಕಿವಿಗೆ ವಿಶ್ರಾಂತಿಯೆಲ್ಲಿ? ಅರಳೆ ತುರುಕಿಕೊಂಡರೆ ಸಾಕೆಂಬ ನಂಬಿಕೆಯೂ ಹುಸಿ. ಅರಳೆ ತಡೆಯುವ ಸದ್ದು ತೀರ ಅಲ್ಪ. ಹಿಂಡಿ ಒಳಗೆ ಸೇರಿಸಿದಾಗ ಅರಳಿಕೊಳ್ಳುವ ಫೋಮಿನ ಬಿರಡೆಗಳು ಔಷಧಿ ಅಂಗಡಿಯಲ್ಲಿ ಸಿಗುತ್ತವೆ, ಬೆಲೆಯೂ ಹೆಚ್ಚಲ್ಲ.

ದೇವರ ಉತ್ಸವಕ್ಕೆ ಡಿಜೆ ಬೇಕೇ ಎಂದು ನಾವು ಕೇಳಿದರೆ ತರುಣರು ಮುನಿಸಿಕೊಳ್ಳುತ್ತಾರೆ. ಮುನಿಸಿಕೊಳ್ಳಲಿ. ೨೦೦೦ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿವೆ. ೨೦೦೫ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿದಿದೆ. ಪುರವಂತರ ಸಂಬಾಳ, ಕರಡಿ ಮಜಲುಗಳೂ ಸದ್ದೇ ಅಲ್ಲವೆ ಎಂದು ವಾದಿಸುವವರಿಗೆ ನಮ್ಮ ಉತ್ತರವಿಷ್ಟೆ: ಹೌದು, ಅವೂ ಸದ್ದೇ, ಹತ್ತಿರ ನಿಂತ ಎಳೆಗೂಸಿನ ಕಿವಿಗೆ ಅವೂ ಹಾನಿ ಮಾಡಬಲ್ಲವು, ಮಗುವನ್ನು ದೂರ ಎತ್ತಿಕೊಂಡು ನಿಲ್ಲಬೇಕು.

ಗದ್ದಲವೊಂದೇ ಕಾರಣವೆಂದು ಭಾವಿಸಬಾರದು. ನಮ್ಮ ಹಳ್ಳಿಗಳ ಹರೆಯದವರಲ್ಲಿ ಕಿವಿ ಸೋರುವ ರೋಗ ಇಂದಿಗೂ ಸಾಮಾನ್ಯ. ಬಾಲ್ಯದ ನೆಗಡಿ ಒಳಗಿಂದ ಕಿವಿಗೆ ಇಳಿದು, ತಮಟೆ ತೂತಾಗಿ, ಕೀವು ಒಸರುತ್ತ ವರ್ಷಗಳು ಕಳೆಯುತ್ತವೆ. ಅದಕ್ಕೆ ಬಿಸಿ ಎಣ್ಣೆ, ಬೆಳ್ಳುಳ್ಳಿಯ ರಸ ಹಾಕುವುದುಂಟು. ತೂತಾದ ತಮಟೆಯ ಮೂಲಕ ಅದು ಎಲ್ಲಿಗೆ ಹೋಗುತ್ತದೆಂದು ಯೋಚಿಸುವವರಿಲ್ಲ. ಈ ಬಗೆಯ ದೋಷದಲ್ಲಿ ತಮಟೆಯನ್ನು ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದು, ಶ್ರವಣವೂ ಬಹುಮಟ್ಟಿಗೆ ಮರಳೀತು. ಅಲಕ್ಷಿಸಿದರೆ ಸೋಂಕು ಮೂಳೆಯನ್ನು ಕೊರೆದು ಮಿದುಳಿನತ್ತ ಸರಿಯುವ ಸಂಭವವೂ ಇದೆ. ಮಂಗನಬಾವು ಒಮ್ಮೊಮ್ಮೆ ಒಂದು ಕಿವಿಯನ್ನು ಪೂರ್ತಿಯಾಗಿ ಕೆಡಿಸಿ ಹೋಗುತ್ತದೆ. ಗರ್ಭಿಣಿಗೆ ತಗಲಿದ ರುಬೆಲ್ಲಾ ಮಗುವನ್ನು ಹುಟ್ಟುಗಿವುಡಾಗಿಸಬಲ್ಲದು. ೨೦೧೭ರಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದುದು ಇದಕ್ಕಾಗಿಯೂ ಹೌದು. ಕ್ಷಯ ಮೊದಲಾದ ರೋಗಗಳಿಗೆ ಕೊಡುತ್ತ ಬಂದ ಸ್ಟ್ರೆಪ್ಟೊಮೈಸಿನ್, ಅಮಿಕಾಸಿನ್ ಜಾತಿಯ ಚುಚ್ಚುಮದ್ದುಗಳು ಕೆಲವರ ಒಳಗಿವಿಗೆ ವಿಷವಾಗುತ್ತವೆ. ಔಷಧ ಬಿಡಬೇಕೆಂದು ಇದರ ಅರ್ಥವಲ್ಲ. ಚಿಕಿತ್ಸೆಯ ಕಾಲದಲ್ಲಿ ಕಿವಿಯಲ್ಲಿ ಗುಂಯ್‌ಗುಡುವ ನಾದ ಎದ್ದರೆ ಅಂದೇ ವೈದ್ಯರಿಗೆ ಹೇಳಬೇಕು.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಬರೆಯುತ್ತಿದ್ದೇವೆ. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ನಮ್ಮಲ್ಲಿದೆ. ಒಂದೇ ರಕ್ತದ ಇಬ್ಬರೂ ಒಂದೇ ಸುಪ್ತದೋಷವನ್ನು ಹೊತ್ತಿರುವ ಸಂಭವ ಹೆಚ್ಚು, ಅದು ಮಗುವಿನಲ್ಲಿ ಕಿವುಡುತನವಾಗಿ ಪ್ರಕಟವಾಗಬಹುದು. ಕೆಲವೊಮ್ಮೆ ಅದು ಹುಟ್ಟಿನಲ್ಲಿ ಕಾಣದೆ ಶಾಲೆಯ ವಯಸ್ಸಿನಲ್ಲಿ ಮೆಲ್ಲನೆ ತಲೆದೋರುತ್ತದೆ. ಮನೆತನದಲ್ಲಿ ಎಳೆಯ ವಯಸ್ಸಿನಲ್ಲೇ ಕಿವಿ ಮಂದವಾದವರಿದ್ದರೆ ಅಂಥ ಸಂಬಂಧಕ್ಕೆ ಮುಂದುವರಿಯುವ ಮುನ್ನ ವೈದ್ಯರ ಸಲಹೆ ಪಡೆಯುವುದರಲ್ಲಿ ಅವಮಾನವೇನಿದೆ?

ಹಾಗಾದರೆ ಪರೀಕ್ಷೆಗೆ ಹೋಗುವುದು ಯಾವಾಗ? ಎಲ್ಲಕ್ಕಿಂತ ಮೊದಲು ಹೇಳಬೇಕಾದದ್ದು ಹಠಾತ್ತಾಗಿ ಬರುವ ಶ್ರವಣನಾಶದ ಸಂಗತಿ. ರಾತ್ರಿ ಸರಿಯಾಗಿದ್ದ ಕಿವಿ ಬೆಳಗಾಗುವಷ್ಟರಲ್ಲಿ, ಇಲ್ಲವೆ ಎರಡು ಮೂರು ದಿನಗಳೊಳಗೆ ಮುಚ್ಚಿದಂತಾದರೆ, ಅದರೊಂದಿಗೆ ತಲೆತಿರುಗು ಇರಲಿ ಬಿಡಲಿ, ಗುಗ್ಗೆಯೆಂದೋ ನೀರು ಹೋಗಿದೆಯೆಂದೋ ಕಾಯಬಾರದು. ಇದು ತುರ್ತಿನ ಸ್ಥಿತಿ. ಅದೇ ದಿನ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು. ಮೊದಲ ಒಂದೆರಡು ವಾರದೊಳಗೆ ಆರಂಭಿಸಿದ ಚಿಕಿತ್ಸೆಯಿಂದ ಶ್ರವಣ ಮರಳುವ ಆಸೆಯಿದೆ. ತಿಂಗಳುಗಟ್ಟಲೆ ತಡೆದು ಹೋದವರಿಗೆ ಆ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಕಿವಿಯಿಂದ ಕೀವು ರಕ್ತ ಬರುವವರು, ಒಂದೇ ಕಿವಿ ಮಂದವಾದವರು, ನಿಂತಲ್ಲಿ ಲೋಕ ತಿರುಗಿದಂತಾಗುವವರು ಕೂಡ ಮೊದಲು ಈ ವೈದ್ಯರನ್ನೇ ಕಾಣತಕ್ಕದ್ದು.

ಇಷ್ಟು ಅವಸರವಿಲ್ಲದ, ಆದರೆ ಮುಂದೂಡಬಾರದ ಗುರುತುಗಳು ಬೇರೆ. ಮತ್ತೆ ಮತ್ತೆ ‘ಆಂ?’ ಎನ್ನುವುದು, ಟಿವಿಯ ಸದ್ದನ್ನು ಮನೆಮಂದಿ ಬೇಸರಪಡುವಷ್ಟು ಏರಿಸುವುದು, ಫೋನನ್ನು ಯಾವಾಗಲೂ ಒಂದೇ ಕಿವಿಗೆ ಹಿಡಿಯುವುದು, ಗುಂಪಿನ ಮಾತು ಹಿಡಿಯಲಾಗದೆ ಮೂಲೆ ಸೇರುವುದು, ಶಾಲೆಯಲ್ಲಿ ಬರೆಹ ಚೆನ್ನಾಗಿದ್ದೂ ಉಕ್ತಲೇಖನದಲ್ಲಿ ಮಾತ್ರ ತಪ್ಪುವುದು. ಕೆಲಸ ಮುಗಿಸಿ ಬಂದಾಗ, ಮೆರವಣಿಗೆಯಿಂದ ಮರಳಿದಾಗ ಕಿವಿಗೆ ಅರಳೆ ತುರುಕಿದಂತಾಗಿ ಒಳಗೆ ಗುಂಯ್‌ಗುಟ್ಟುವುದು ಒಳಗಿವಿಗೆ ಪೆಟ್ಟಾದುದರ ಲಕ್ಷಣ. ಬೆಳಿಗ್ಗೆ ಅದು ಇಳಿಯಿತೆಂದು ನಿಶ್ಚಿಂತರಾಗಬಾರದು. ಪದೇ ಪದೇ ಹಾಗಾಗುತ್ತಿದ್ದರೆ ಇಳಿಯದ ದಿನವೂ ಒಂದು ಬರುತ್ತದೆ. ಗದ್ದಲದ ಕೆಲಸಕ್ಕೆ ಸೇರುವವರು ಯಾವ ದೋಷವೂ ತೋರುವ ಮೊದಲೇ ಒಮ್ಮೆ, ಬಳಿಕ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕೆಂಬುದು ನಮ್ಮ ಆಗ್ರಹ. ಮಕ್ಕಳ ವಿಷಯದಲ್ಲಂತೂ ಸಂಶಯವೇ ಸಾಕು. ‘ಗಂಡುಮಕ್ಕಳಿಗೆ ಮಾತು ತಡ’ ಎಂದು ಮೂರು ವರ್ಷ ಕಾಯುವ ಅಜ್ಜಿಯರಿಗೆ ನಮ್ಮ ನಮಸ್ಕಾರ. ಆ ಮೂರು ವರ್ಷಗಳೇ ಮಾತು ಕಲಿಯುವ ಕಾಲ.

ಶ್ರವಣ ತಜ್ಞರೆಂದರೆ ಔಷಧ ಬರೆಯುವ ವೈದ್ಯರಲ್ಲ, ಅಂಗಡಿಯಲ್ಲಿ ಯಂತ್ರ ಮಾರುವವರೂ ಅಲ್ಲ. ಶ್ರವಣವನ್ನು ಅಳೆಯುವ, ತಕ್ಕ ಸಾಧನವನ್ನು ಹೊಂದಿಸಿ ಕೊಡುವ ಪದವಿ ಪಡೆದವರು. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿದವರು. ಇವರನ್ನು ಆಡಿಯಾಲಜಿಸ್ಟ್ ಎನ್ನುತ್ತಾರೆ. ಈ ವಿದ್ಯೆಗೆ ನಮ್ಮ ನಾಡೇ ಒಂದು ತವರು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ೧೯೬೦ರ ದಶಕದಿಂದ ದೇಶಕ್ಕೆಲ್ಲ ತಜ್ಞರನ್ನು ಕೊಡುತ್ತ ಬಂದಿದೆ. ವಾಡಿಯವರು ಮೊದಲ ಪರೀಕ್ಷೆಗಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ಕಲಬುರಗಿಯಲ್ಲಿ ಸರಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ, ೧೯೬೩ರಿಂದ ನಡೆದು ಬಂದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿದೆ. ರೈಲಿನಲ್ಲಿ ಒಂದು ಗಂಟೆಯ ದಾರಿ. ಕಾರ್ಮಿಕ ವಿಮೆಯ ಕಾರ್ಡು ಉಳ್ಳವರಿಗೆ ಅಲ್ಲಿ ಇ.ಎಸ್.ಐ. ಆಸ್ಪತ್ರೆಯೂ ಇದೆ.

ಪರೀಕ್ಷೆಯಲ್ಲಿ ನೋವಿಲ್ಲ, ಸೂಜಿಯಿಲ್ಲ. ಹೊರಗಿನ ಸದ್ದು ಸುಳಿಯದ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನು ತೊಡಿಸುತ್ತಾರೆ. ಬೇರೆ ಬೇರೆ ಶ್ರುತಿಯ ನಾದಗಳು ಮೆಲ್ಲಗಾಗುತ್ತ ಬರುತ್ತವೆ. ಕೇಳಿದಾಗಲೆಲ್ಲ ಕೈಯೆತ್ತಬೇಕು ಅಥವಾ ಗುಂಡಿ ಒತ್ತಬೇಕು. ಕಿವಿಯ ಹಿಂದಿನ ಮೂಳೆಗೆ ಇನ್ನೊಂದು ಸಾಧನವಿಟ್ಟು ಮತ್ತೆ ಅದನ್ನೇ ಮಾಡುತ್ತಾರೆ. ದೋಷವು ತಮಟೆ, ಕಿರುಮೂಳೆಗಳಲ್ಲಿದೆಯೋ ಒಳಗಿವಿಯಲ್ಲಿದೆಯೋ ಎಂಬುದು ಇದರಿಂದ ಗೊತ್ತಾಗುತ್ತದೆ. ಮಾತು ಬಾರದ ಹಸುಗೂಸುಗಳಿಗೂ ಮಲಗಿರುವಾಗಲೇ ನೋಡುವ ಪರೀಕ್ಷೆಗಳಿವೆ. ಫಲಿತಾಂಶವನ್ನು ಆಡಿಯೋಗ್ರಾಂ ಎಂಬ ನಕ್ಷೆಯಲ್ಲಿ ಗುರುತಿಸುತ್ತಾರೆ. ಗದ್ದಲದ ಪೆಟ್ಟು ತಿಂದ ಕಿವಿಯ ನಕ್ಷೆಯಲ್ಲಿ ೪೦೦೦ದ ಬಳಿ ಒಂದು ಕುಳಿ ಬಿದ್ದಿರುತ್ತದೆ. ಫರ್ಸಿ ಕೊಯ್ಯುವ ಆ ಹುಡುಗನ ನಕ್ಷೆಯನ್ನು ಅವನ ತಂದೆ ತಂದು ತೋರಿಸಿದಾಗ ನಮಗೂ ಅದು ಕಣ್ಣಿಗೆ ಬಿದ್ದಿತು. ಹುಡುಗನು ಈಗ ಮಷೀನು ಬಿಟ್ಟು ಲಾರಿಗೆ ಮಾಲು ಲೆಕ್ಕ ಬರೆಯುವ ಕೆಲಸದಲ್ಲಿದ್ದಾನೆ. ಹೋದ ಭಾಗ ಮರಳಿ ಬಂದಿಲ್ಲ, ಉಳಿದದ್ದು ಉಳಿದಿದೆ. ಯಂತ್ರ ಬೇಕೇ ಎಂಬುದನ್ನು ಮುಂದಿನ ಪರೀಕ್ಷೆಯಲ್ಲಿ ನಿರ್ಧರಿಸುವುದಾಗಿ ತಜ್ಞರು ಹೇಳಿದ್ದಾರಂತೆ. ಹೆಣ್ಣಿನ ಕಡೆಯವರಿಗೆ ಅವನೇ ಎಲ್ಲವನ್ನೂ ಹೇಳಿದನೆಂದೂ ತಿಳಿಯಿತು.

ಯಂತ್ರ ಬೇಕೆಂದು ಹೇಳಿದರೆ ಪರೀಕ್ಷೆಯಿಲ್ಲದೆ ಅಂಗಡಿಯಿಂದ ತರಬಾರದು. ಎಲ್ಲ ಶ್ರುತಿಗಳನ್ನೂ ಒಂದೇ ಸಮ ಹಿಗ್ಗಿಸುವ ಅಗ್ಗದ ಸಾಧನವು ಇರುವ ಕಿವಿಯನ್ನೂ ಕೆಡಿಸೀತು. ಬಡವರಿಗಾಗಿ ಕೇಂದ್ರ ಸರಕಾರದ ಸಹಾಯ ಸಾಧನಗಳ ಯೋಜನೆಯಿದೆ. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ ಎರಡೂ ಕಿವಿಗಳಲ್ಲಿ ೬೦ರಿಂದ ೭೦ ಡೆಸಿಬಲ್ ನಷ್ಟವಿರುವವರು ಶ್ರವಣಮಾಂದ್ಯರೆಂದು, ೭೦ ಡೆಸಿಬಲ್ ನಷ್ಟವಾದವರು ಕಿವುಡರೆಂದು ಗಣಿಸಲ್ಪಡುತ್ತಾರೆ; ಅವರಿಗೆ ಪ್ರಮಾಣಪತ್ರ ದೊರೆಯುತ್ತದೆ.

ಪರೀಕ್ಷೆಯ ಹಿಂದಿನ ಸಂಜೆಯಿಂದ ಗದ್ದಲದಲ್ಲಿ ಇರಬಾರದು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಆಸ್ಪತ್ರೆಗೆ ಹೋದರೆ ದಣಿದ ಕಿವಿಯು ಇರುವುದಕ್ಕಿಂತ ಮಂದವಾಗಿ ತೋರುತ್ತದೆ. ಹಿಂದಿನ ಕಾಗದಗಳನ್ನು, ನುಂಗಿದ ಔಷಧಗಳ ಚೀಟಿಗಳನ್ನು ಜೊತೆಗೆ ಒಯ್ಯಬೇಕು. ಆಡಿಯೋಗ್ರಾಮಿನ ಹಾಳೆಯನ್ನು ರೇಶನ್ ಕಾರ್ಡಿನ ಜೊತೆ ಅದೇ ಪೆಟ್ಟಿಗೆಯಲ್ಲಿ ಇಡುವುದು ಲೇಸು. ಮರುವರ್ಷದ ಹಾಳೆಯನ್ನು ಅದರ ಪಕ್ಕಕ್ಕಿಟ್ಟು ನೋಡಿದಾಗಲೇ ಕುಳಿ ಆಳವಾಗುತ್ತಿದೆಯೋ ನಿಂತಿದೆಯೋ ತಿಳಿಯುವುದು.